ಶುಲ್ಕ ಬೇರೆ, ಚಂದಾ ಬೇರೆ: ಹಳೆಯ ಎಂಜಿನ್ ಸಂಘದ ಸದಸ್ಯತ್ವ ನವೀಕರಣ ನಡೆಸುವ ಕ್ರಮ

ಸಂಘದ ಸದಸ್ಯರು ವರ್ಷಕ್ಕೊಮ್ಮೆ ಕಟ್ಟುವ ಹಣಕ್ಕೂ ‘ಚಂದಾ’ ಎನ್ನುತ್ತೇವೆ, ಪತ್ರಿಕೆ ತರಿಸಿಕೊಳ್ಳಲು ಕಟ್ಟುವ ಹಣಕ್ಕೂ ‘ಚಂದಾ’ ಎನ್ನುತ್ತೇವೆ. ದಿನಬಳಕೆಯ ಮಾತಿನಲ್ಲಿ ಇದರಿಂದ ಯಾವ ತೊಂದರೆಯೂ ಇಲ್ಲ. ಆದರೆ ಹಳೆಯ ಡೀಸೆಲ್ ಎಂಜಿನ್, ಪಂಪ್‌ಸೆಟ್, ಟ್ರ್ಯಾಕ್ಟರುಗಳನ್ನು ಉಳಿಸಿಕೊಂಡು ಓಡಿಸುವ ಹವ್ಯಾಸಿಗಳ ಸಂಘವೊಂದರಲ್ಲಿ ಒಂಬತ್ತು ವರ್ಷ ಸದಸ್ಯತ್ವದ ಲೆಕ್ಕ ನೋಡಿಕೊಂಡ ನನ್ನ ಅನುಭವದಲ್ಲಿ, ಬಂದ ದೂರುಗಳಲ್ಲಿ ಮುಕ್ಕಾಲು ಪಾಲು ಈ ಒಂದು ಪದದಿಂದಲೇ ಹುಟ್ಟಿದವು. “ಚಂದಾ ಕಟ್ಟಿದ್ದೇನೆ, ಪುಸ್ತಕ ಬಂದಿಲ್ಲ” ಎಂದು ಒಬ್ಬರು, “ಪುಸ್ತಕ ಬರುತ್ತಲೇ ಇದೆ, ಮತ್ತೇಕೆ ಚಂದಾ ಕೇಳುತ್ತೀರಿ” ಎಂದು ಇನ್ನೊಬ್ಬರು. ಇಬ್ಬರ ಮಾತೂ ಅವರವರ ಮಟ್ಟಿಗೆ ಸರಿಯೇ. ಆದ್ದರಿಂದ ಈ ಕೆಲಸವನ್ನು ಹೊಸದಾಗಿ ವಹಿಸಿಕೊಳ್ಳುವವರು ಮೊಟ್ಟಮೊದಲು ಮಾಡಬೇಕಾದದ್ದೆಂದರೆ ಸಂಘಕ್ಕೆ ಸಲ್ಲುವ ಹಣವನ್ನು ‘ಸದಸ್ಯತ್ವ ಶುಲ್ಕ’ವೆಂದೂ ಪತ್ರಿಕೆಗೆ ಸಲ್ಲುವ ಹಣವನ್ನು ‘ಪತ್ರಿಕೆ ಚಂದಾ’ ಎಂದೂ ಹೆಸರಿಸಿ, ಅರ್ಜಿ, ರಸೀದಿ, ನೆನಪೋಲೆ, ಸಭೆಯ ನಡಾವಳಿ ಎಲ್ಲದರಲ್ಲಿಯೂ ಆ ಎರಡು ಹೆಸರುಗಳನ್ನು ತಪ್ಪದೆ ಬಳಸುವುದು.

ಎರಡು ಗಡಿಯಾರಗಳು

ಹೆಸರು ಬೇರೆ ಮಾಡಿದರೆ ಸಾಲದು, ಅವಧಿಯನ್ನು ಅಳೆಯುವ ರೀತಿಯೂ ಬೇರೆಯಾಗಬೇಕು. ಸದಸ್ಯತ್ವ ದಿನಾಂಕಕ್ಕೆ ಮುಗಿಯುತ್ತದೆ. ಪತ್ರಿಕೆಯ ಚಂದಾ ಸಂಚಿಕೆಯ ಸಂಖ್ಯೆಗೆ ಮುಗಿಯಬೇಕು. ನಮ್ಮಲ್ಲಿ ಸದಸ್ಯತ್ವದ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ. ಪತ್ರಿಕೆ ಮೂರು ತಿಂಗಳಿಗೊಮ್ಮೆ, ಮಾರ್ಚ್, ಜೂನ್, ಸೆಪ್ಟೆಂಬರ್ ಮತ್ತು ಡಿಸೆಂಬರ್‌ನಲ್ಲಿ ಹೊರಡುತ್ತದೆ. ಒಬ್ಬರು 2024ರ ನವೆಂಬರಿನಲ್ಲಿ ಸೇರಿ ಎರಡನ್ನೂ ಕಟ್ಟಿದರು ಎಂದುಕೊಳ್ಳಿ. ಅವರ ಸದಸ್ಯತ್ವ 2025ರ ಮಾರ್ಚ್ 31ಕ್ಕೆ ಮುಗಿಯುತ್ತದೆ. ಆದರೆ ಅವರು ನಾಲ್ಕು ಸಂಚಿಕೆಗಳ ಹಣ ಕೊಟ್ಟಿರುವುದರಿಂದ, ಡಿಸೆಂಬರಿನ 48ನೇ ಸಂಚಿಕೆಯಿಂದ ಮುಂದಿನ ಸೆಪ್ಟೆಂಬರಿನ 51ನೇ ಸಂಚಿಕೆಯವರೆಗೆ ಪತ್ರಿಕೆ ಅವರ ಮನೆಗೆ ಹೋಗಲೇಬೇಕು. ಏಪ್ರಿಲಿನಲ್ಲಿ ಅವರು ನವೀಕರಿಸಿದರೆ ಸದಸ್ಯತ್ವ 2026ರ ಮಾರ್ಚ್ 31ಕ್ಕೂ ಪತ್ರಿಕೆ 55ನೇ ಸಂಚಿಕೆಗೂ ಮುಂದುವರಿಯುತ್ತವೆ. ನವೀಕರಿಸದಿದ್ದರೆ ಅವರು ಸದಸ್ಯರಾಗಿ ಉಳಿಯುವುದಿಲ್ಲ, ಆದರೂ 51ನೇ ಸಂಚಿಕೆಯವರೆಗೆ ಚಂದಾದಾರರಾಗಿ ಇರುತ್ತಾರೆ. ಪತ್ರಿಕೆಯ ಅವಧಿಯನ್ನೂ ದಿನಾಂಕದಲ್ಲೇ ಬರೆದಿಟ್ಟರೆ, ಯಾವುದೋ ಕಾರಣಕ್ಕೆ ಜೂನ್ ಸಂಚಿಕೆ ಆಗಸ್ಟಿನಲ್ಲಿ ಹೊರಬಂದ ವರ್ಷ ಯಾರಿಗೆ ಎಷ್ಟು ಸಂಚಿಕೆ ಬಾಕಿ ಎಂಬ ಲೆಕ್ಕ ಕೈತಪ್ಪುತ್ತದೆ. ಹವ್ಯಾಸಿಗಳು ಹೊರತರುವ ಪತ್ರಿಕೆ ತಡವಾಗದ ವರ್ಷವೇ ಅಪರೂಪ ಎನ್ನುವುದನ್ನು ಇಲ್ಲಿ ಒಪ್ಪಿಕೊಂಡುಬಿಡುವುದು ಮೇಲು. ಹಾಗಾಗಿ ಪತ್ರಿಕೆಗೆ ಸಂಪುಟ, ಸಂಚಿಕೆ ಎಂಬ ಎರಡು ಅಂಕಿಗಳ ಜೊತೆಗೆ ಮೊದಲ ಸಂಚಿಕೆಯಿಂದ ಎಣಿಸುತ್ತ ಬಂದ ಒಂದು ಒಟ್ಟು ಕ್ರಮಸಂಖ್ಯೆ ಇರಬೇಕು, ಅದು ರಕ್ಷಾಪುಟದ ಮೇಲೆಯೇ ಅಚ್ಚಾಗಬೇಕು.

ಈ ಎರಡೂ ಅವಧಿಗಳು ಸದಸ್ಯರ ಕಣ್ಣಿಗೆ ಬೀಳುವ ಜಾಗ ವಿಳಾಸದ ಚೀಟಿ. ನಾವು ಪ್ರತಿ ಚೀಟಿಯ ಮೇಲಂಚಿನಲ್ಲಿ, ಹೆಸರಿಗಿಂತ ಮೊದಲು, ‘214 / ಸ 3-26 / ಪ 55’ ಎಂದು ಅಚ್ಚು ಹಾಕುತ್ತೇವೆ. 214 ಎಂಬುದು ಸದಸ್ಯತ್ವ ಸಂಖ್ಯೆ, ‘ಸ’ ಸದಸ್ಯತ್ವ ಮುಗಿಯುವ ತಿಂಗಳು ಮತ್ತು ವರ್ಷ, ‘ಪ’ ಅವರಿಗೆ ಸಲ್ಲಬೇಕಾದ ಕೊನೆಯ ಸಂಚಿಕೆ. ಚೀಟಿಯಲ್ಲಿ ‘ಪ 55’ ಎಂದಿದ್ದು ಒಳಗಿರುವ ಸಂಚಿಕೆಯೂ 55 ಆಗಿದ್ದರೆ ಇದೇ ಕೊನೆಯದು ಎಂಬುದು ಯಾರೂ ಹೇಳದೆಯೇ ತಿಳಿಯುತ್ತದೆ. ಈ ಒಂದು ಸಾಲನ್ನು ಸೇರಿಸಿದ ವರ್ಷ ನನಗೆ ಬರುತ್ತಿದ್ದ ದೂರವಾಣಿ ಕರೆಗಳು ಕಣ್ಣಿಗೆ ಕಾಣುವಷ್ಟು ಕಡಿಮೆಯಾದವು.

ವಹಿ ಮತ್ತು ಅರ್ಜಿ

ಸದಸ್ಯರ ವಹಿಯನ್ನು ಕಂಪ್ಯೂಟರಿನಲ್ಲಿ ಇಡುವುದು ಈಗ ಎಲ್ಲರಿಗೂ ರೂಢಿಯಾಗಿದೆ; ಆದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ನೋಂದಾಯಿತವಾದ ಸಂಘವಾದರೆ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಸಬೇಕು ಮತ್ತು ಆಡಳಿತ ಮಂಡಳಿಯ ಪಟ್ಟಿ, ಲೆಕ್ಕಪತ್ರಗಳನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಆದ್ದರಿಂದ ಆ ಸಭೆಯ ದಿನಕ್ಕೆ ಸರಿಯಾಗಿ ಸದಸ್ಯರ ಪಟ್ಟಿಯನ್ನು ಕಾಗದದ ಮೇಲೆ ತೆಗೆದು ಅಧ್ಯಕ್ಷರ ಸಹಿ ಮಾಡಿಸಿ ಇಟ್ಟುಕೊಳ್ಳುವುದು ಕ್ಷೇಮ. ಮತದಾನದ ಪ್ರಶ್ನೆ ಎದ್ದಾಗ ಈ ಪಟ್ಟಿಯೇ ಆಧಾರ. ದೇಶದ ಮೂಲ ಕಾಯ್ದೆಯಾದ 1860ರ ಸೊಸೈಟಿಗಳ ನೋಂದಣಿ ಕಾಯ್ದೆಯ 15ನೇ ಕಲಮು ಶುಲ್ಕವನ್ನು ಮೂರು ತಿಂಗಳಿಗಿಂತ ಹೆಚ್ಚು ಕಾಲ ಬಾಕಿ ಇಟ್ಟವರಿಗೆ ಮತ ಹಾಕುವ ಹಕ್ಕಿಲ್ಲವೆಂದು ಹೇಳುತ್ತದೆ. ನಿಮ್ಮ ಸಂಘದ ಬೈಲಾದಲ್ಲಿ ಈ ಬಗ್ಗೆ ಏನಿದೆ ಎಂಬುದನ್ನು ಓದಿಕೊಂಡೇ ಬಾಕಿ ಕಟ್ಟಲು ಕೊಡುವ ರಿಯಾಯಿತಿ ಅವಧಿಯನ್ನು ಗೊತ್ತುಪಡಿಸಬೇಕು, ಕಾರ್ಯದರ್ಶಿಯ ದಾಕ್ಷಿಣ್ಯಕ್ಕೆ ತಕ್ಕಂತೆ ಅಲ್ಲ.

ನವೀಕರಣದ ಅರ್ಜಿ ಒಂದು ಪುಟ ಮೀರಬಾರದು. ಹೆಸರು, ವಿಳಾಸ, ಪಿನ್‌ಕೋಡ್, ದೂರವಾಣಿ ಇವುಗಳ ಕೆಳಗೆ ಶುಲ್ಕಕ್ಕೆ ಒಂದು ಚೌಕ, ಪತ್ರಿಕೆ ಚಂದಾಕ್ಕೆ ಒಂದು ಚೌಕ, ದೇಣಿಗೆಗೆ ಒಂದು ಚೌಕ. ಒಟ್ಟು ಮೊತ್ತ ಇಷ್ಟು ಎಂದು ನಾವೇ ಅಚ್ಚು ಹಾಕಬಾರದು. ಸದಸ್ಯರೇ ಕೂಡಿ ಬರೆಯಲಿ, ಆಗ ತಾವು ಯಾವುದಕ್ಕೆ ಹಣ ಕಟ್ಟುತ್ತಿದ್ದೇವೆ ಎಂಬುದು ಅವರಿಗೇ ಮನದಟ್ಟಾಗುತ್ತದೆ. ಒಂದೇ ಮನೆಯಲ್ಲಿ ಇಬ್ಬರು ಸದಸ್ಯರಿದ್ದರೆ ಶುಲ್ಕ ಇಬ್ಬರದು, ಪತ್ರಿಕೆ ಒಂದೇ ಸಾಕು ಎನ್ನುವವರಿರುತ್ತಾರೆ. ಹೆಸರುಗಳನ್ನು ಬೇರೆ ಮಾಡಿದ್ದರ ಇನ್ನೊಂದು ಅನುಕೂಲ ಇಲ್ಲಿ ಕಾಣುತ್ತದೆ.

ಅರ್ಜಿಯ ಕೆಳಭಾಗದಲ್ಲಿ ಯಂತ್ರಗಳ ವಿವರಕ್ಕೆ ಜಾಗ ಬಿಡಲೇಬೇಕು. ಹೆಸರು ಬದಲಾಗದಿದ್ದರೂ ಎಂಜಿನ್ ಕೈ ಬದಲಾಗುತ್ತಿರುತ್ತದೆ, ಬಿಡಿಭಾಗ ಬೇಕೆಂದು ಕೇಳುವವರನ್ನು ಅದೇ ಮಾದರಿ ಇಟ್ಟುಕೊಂಡವರ ಜೊತೆ ಸೇರಿಸುವುದೇ ಇಂತಹ ಸಂಘದ ಮುಖ್ಯ ಉಪಯೋಗ. ಇಲ್ಲಿ ‘ಎಂಜಿನ್ ವಿವರ’ ಎಂದು ಬರೆದು ಖಾಲಿ ಗೆರೆ ಎಳೆದರೆ ‘ಹಳೇ ಲಿಸ್ಟರ್, ಚೆನ್ನಾಗಿದೆ’ ಎಂಬ ಉತ್ತರ ಬರುತ್ತದೆ. ಅದರ ಬದಲು ಎಂಜಿನ್ನಿಗೆ ಅಂಟಿಸಿದ ತಗಡಿನ ಫಲಕವನ್ನು ಹಳೆ ಬಟ್ಟೆ, ಸ್ವಲ್ಪ ಸೀಮೆಎಣ್ಣೆಯಿಂದ ಒರೆಸಿ, ಅದರಲ್ಲಿರುವ ತಯಾರಕರ ಹೆಸರು, ಕ್ರಮಸಂಖ್ಯೆ, ಅಶ್ವಶಕ್ತಿ ಮತ್ತು ನಿಮಿಷದ ಸುತ್ತುಗಳನ್ನು ಇದ್ದಂತೆಯೇ ನಕಲು ಮಾಡಲು ಹೇಳಬೇಕು. ಮರಳು ಕಾಗದದಿಂದ ಉಜ್ಜಬಾರದೆಂದು ಅಲ್ಲೇ ಎಚ್ಚರಿಸಬೇಕು. ಇಂಗ್ಲೆಂಡಿನ ಡರ್ಸ್ಲಿಯ ಲಿಸ್ಟರ್ ಕಂಪನಿಯ ‘6/1’ ಎಂಜಿನ್ ಒಂದೇ ಸಿಲಿಂಡರಿನ, 6 ಅಶ್ವಶಕ್ತಿಯ, ನಿಮಿಷಕ್ಕೆ 650 ಸುತ್ತು ತಿರುಗುವ ಯಂತ್ರ; ಅದೇ ಮಾದರಿಯನ್ನು ರಾಜಕೋಟದ ಕಾರ್ಖಾನೆಗಳು ದಶಕಗಳಿಂದ ಮಾಡುತ್ತ ಬಂದಿವೆ. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ, ಎರಡಕ್ಕೂ ಅದೇ ಭಾರಿ ಫ್ಲೈವೀಲ್, ಅದೇ ನಿಧಾನದ ಸದ್ದು. ಹಿಟ್ಟಿನ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದ ಎಂಜಿನ್ ಯಾವುದೆಂದು ಹೇಳಬಲ್ಲದ್ದು ಆ ಫಲಕ ಮಾತ್ರ. ಹಾಗೆಯೇ ಪುಣೆಯ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್‌ನ ‘ಎವಿ1’ ನಿಮಿಷಕ್ಕೆ 1500 ಸುತ್ತಿನ ಯಂತ್ರ. ಲಿಸ್ಟರಿನ ಬಿಡಿಭಾಗ ಹುಡುಕುವವರನ್ನು ಅದರ ಮಾಲೀಕರ ಬಳಿಗೆ ಕಳುಹಿಸಿದರೆ ಇಬ್ಬರ ಸಮಯವೂ ಹಾಳು.

ಸದಸ್ಯರ ವಿಳಾಸ ಮತ್ತು ಯಂತ್ರಗಳ ಪಟ್ಟಿಯನ್ನು ಉಳಿದ ಸದಸ್ಯರಿಗೆ ಹಂಚುವ ಪದ್ಧತಿ ನಿಮ್ಮಲ್ಲಿದ್ದರೆ ಅದಕ್ಕೆ ಒಪ್ಪಿಗೆ ಇದೆಯೇ ಇಲ್ಲವೇ ಎಂಬ ಪ್ರತ್ಯೇಕ ಸಾಲು ಅರ್ಜಿಯಲ್ಲಿರಲಿ. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾಯ್ದೆ ಬಂದಿದೆ ಎಂಬುದು ಒಂದು ಕಾರಣ. ತೋಟದ ಮನೆಯ ಕೊಟ್ಟಿಗೆಯಲ್ಲಿ ಕಾವಲಿಲ್ಲದೆ ನಿಂತಿರುವ ಎಂಜಿನ್ನಿನ ವಿಳಾಸ ಗುಜರಿಯವರ ಕೈಗೆ ಸಿಗಬಾರದೆಂಬುದು ಅದಕ್ಕಿಂತ ಹತ್ತಿರದ ಕಾರಣ.

ಹಣ ಬಂದ ದಿನ

ಹಣವನ್ನು ಯಾವ ದಾರಿಯಿಂದ ಕಟ್ಟಿದರೂ ಅದು ಯಾರದು, ಯಾವುದಕ್ಕೆ ಎಂಬ ಎರಡು ಪ್ರಶ್ನೆಗಳಿಗೆ ಅದೇ ದಿನ ಉತ್ತರ ಸಿಗುವಂತೆ ಏರ್ಪಾಡಿರಬೇಕು. ನಗದು ಮತ್ತು ಚೆಕ್ಕಿನ ಕಾಲದಲ್ಲಿ ಇದು ಸುಲಭವಿತ್ತು, ಅರ್ಜಿಯ ಜೊತೆಯಲ್ಲೇ ಹಣವೂ ಬರುತ್ತಿತ್ತು. ಈಗ ಯುಪಿಐ ಬಂದ ಮೇಲೆ ಹಣ ಮೊದಲು ಬರುತ್ತದೆ, ಅರ್ಜಿ ಆಮೇಲೆ ಬರುತ್ತದೆ ಅಥವಾ ಬರುವುದೇ ಇಲ್ಲ. ತುಮಕೂರು ಜಿಲ್ಲೆಯ ಹಿರಿಯ ಸದಸ್ಯರೊಬ್ಬರ ಒಂಬೈನೂರು ರೂಪಾಯಿ ಒಂದು ವರ್ಷ ಬೆಂಗಳೂರಿನಲ್ಲಿರುವ ಅವರ ಸೊಸೆಯ ಖಾತೆಯಿಂದ, ಷರಾ ಏನೂ ಇಲ್ಲದೆ ಬಂತು. ಆ ಹೆಸರಿನವರು ನಮ್ಮ ವಹಿಯಲ್ಲಿ ಇರಲಿಲ್ಲವಾದ್ದರಿಂದ ನಾನು ಅದನ್ನು ‘ತಿಳಿಯದ ಜಮೆ’ ಎಂದು ಬರೆದಿಟ್ಟು, ಆ ಹಿರಿಯರಿಗೆ ಎರಡು ಬಾರಿ ನೆನಪೋಲೆಯನ್ನೂ ಕಳುಹಿಸಿದೆ. ಮೂರನೆಯ ಸಲ ಅವರೇ ಕರೆ ಮಾಡಿ, “ಏನು ಸ್ವಾಮಿ, ಒಂದೇ ಹೊಲಕ್ಕೆ ಎರಡು ಸಲ ಕಂದಾಯವೇ?” ಎಂದರು. ತಪ್ಪು ನನ್ನದೇ ಆಗಿತ್ತು. ಅಂದಿನಿಂದ ಅರ್ಜಿಯ ಮೇಲ್ಭಾಗದಲ್ಲಿಯೇ, ಯಾರ ಖಾತೆಯಿಂದ ಕಳುಹಿಸಿದರೂ ಷರಾದಲ್ಲಿ ಸದಸ್ಯತ್ವ ಸಂಖ್ಯೆಯನ್ನು ಬರೆಯಬೇಕೆಂದೂ, ಬರೆಯಲು ಮರೆತರೆ ಹಣ ಸಂದ ಮೇಲೆ ಮೊಬೈಲಿನಲ್ಲಿ ಕಾಣುವ 12 ಅಂಕಿಗಳ ವ್ಯವಹಾರ ಸಂಖ್ಯೆಯನ್ನು ತಿಳಿಸಬೇಕೆಂದೂ ಅಚ್ಚು ಹಾಕಿಸಿದ್ದೇವೆ. ಬ್ಯಾಂಕಿನ ವಿವರಪಟ್ಟಿಯಲ್ಲಿ ಆ ಸಂಖ್ಯೆ ಸಿಕ್ಕರೆ ಹಣ ಯಾರದೆಂಬುದರಲ್ಲಿ ಸಂಶಯ ಉಳಿಯುವುದಿಲ್ಲ.

ಕೆಲವರು ಅರ್ಧ ಹಣ ಕಳುಹಿಸಿ ಸುಮ್ಮನಾಗುತ್ತಾರೆ. ಶುಲ್ಕ 500, ಚಂದಾ 400 ಎಂದಿರುವಲ್ಲಿ 500 ಮಾತ್ರ ಬಂದರೆ ಅದು ಶುಲ್ಕವೆಂಬುದು ಸ್ಪಷ್ಟ. ಆದರೆ 600 ಬಂದರೆ? ನಮ್ಮ ನಿಯಮವೆಂದರೆ ಮೊದಲು ಶುಲ್ಕಕ್ಕೆ ಜಮೆ ಮಾಡುವುದು, ಏಕೆಂದರೆ ಮತದಾನದ ಹಕ್ಕು ನಿಂತಿರುವುದು ಅದರ ಮೇಲೆ. ಉಳಿದ 100ಕ್ಕೆ ಒಂದು ಸಂಚಿಕೆ ಎಂದು ಲೆಕ್ಕ ಹಾಕಿ, ರಸೀದಿಯಲ್ಲಿ ಹಾಗೆಯೇ ಬರೆದು ಕಳುಹಿಸುವುದು. ರಸೀದಿಯಲ್ಲಿ ಎರಡೂ ಬಾಬ್ತುಗಳು ಬೇರೆ ಬೇರೆ ಸಾಲಿನಲ್ಲಿರಬೇಕು, ಅವಧಿ ಮತ್ತು ಕೊನೆಯ ಸಂಚಿಕೆಯ ಸಂಖ್ಯೆ ನಮೂದಾಗಿರಬೇಕು. ರಸೀದಿ ಪುಸ್ತಕದ ಅರ್ಧಹಾಳೆಯಲ್ಲಿಯೂ ಅದೇ ವಿವರ ಉಳಿಯಬೇಕು.

ಖಜಾಂಚಿಯವರ ಜೊತೆ ಒಂದು ಮಾತನ್ನು ವರ್ಷದ ಆರಂಭದಲ್ಲಿಯೇ ಸ್ಪಷ್ಟಪಡಿಸಿಕೊಳ್ಳಬೇಕು. ಪತ್ರಿಕೆ ಚಂದಾ ಎಂದು ಬಂದ ಹಣ ಬಂದ ದಿನವೇ ಸಂಘದ ಆದಾಯವಾಗುವುದಿಲ್ಲ. ಅದು ಇನ್ನೂ ಅಚ್ಚಾಗದ ಸಂಚಿಕೆಗಳಿಗೆ ಸದಸ್ಯರು ಕೊಟ್ಟ ಮುಂಗಡ, ಅಂದರೆ ಸಂಘದ ಮೇಲಿರುವ ಋಣ. ಮಾರ್ಚ್ 31ರಂದು ಲೆಕ್ಕ ಮುಗಿಸುವಾಗ ಪ್ರತಿ ಚಂದಾದಾರರಿಗೆ ಇನ್ನೆಷ್ಟು ಸಂಚಿಕೆ ಕೊಡಬೇಕಿದೆ ಎಂದು ಕೂಡಿ, ಅಷ್ಟು ಹಣವನ್ನು ಮುಂದಿನ ವರ್ಷಕ್ಕೆ ಸಾಗಿಸಬೇಕು. ಇದನ್ನು ಮಾಡದ ಸಂಘಗಳು ಏಪ್ರಿಲಿನಲ್ಲಿ ಶ್ರೀಮಂತವಾಗಿ ಕಂಡು, ಎಂಜಿನ್ ಪ್ರದರ್ಶನದ ಶಾಮಿಯಾನ, ಊಟಕ್ಕೆ ಕೈಬಿಚ್ಚಿ ಖರ್ಚು ಮಾಡಿ, ಡಿಸೆಂಬರಿನ ಸಂಚಿಕೆಗೆ ಮುದ್ರಣಾಲಯದವರ ಬಳಿ ಕೈಕಟ್ಟಿ ನಿಲ್ಲುತ್ತವೆ.

ಆಜೀವ ಸದಸ್ಯರ ವಿಷಯ ಇದಕ್ಕಿಂತ ತೊಡಕಿನದು. ಒಮ್ಮೆ ದೊಡ್ಡ ಮೊತ್ತ ಕಟ್ಟಿದವರಿಗೆ ಪತ್ರಿಕೆಯೂ ಆಜೀವವೇ ಎಂಬುದನ್ನು ಮೊದಲು ನಿರ್ಧರಿಸದೆ ಹಣ ತೆಗೆದುಕೊಂಡರೆ, ಇಪ್ಪತ್ತು ವರ್ಷಗಳ ನಂತರ ಮುದ್ರಣದ ಬೆಲೆ ಅವರ ಹಣವನ್ನೆಲ್ಲ ನುಂಗಿರುತ್ತದೆ. ಆಜೀವ ಸದಸ್ಯತ್ವ ಕೊಡಿ, ಆಜೀವ ಚಂದಾ ಕೊಡಬೇಡಿ ಎಂಬುದು ನನ್ನ ಸಲಹೆ. ಆ ಮೊತ್ತವನ್ನು ನಿಶ್ಚಿತ ಠೇವಣಿಯಲ್ಲಿಟ್ಟು ಬಡ್ಡಿಯನ್ನಷ್ಟೇ ಬಳಸುವುದು ಒಳ್ಳೆಯ ಪದ್ಧತಿ.

ನೆನಪೋಲೆ

ನಾವು ಡಿಸೆಂಬರ್ ಮತ್ತು ಮಾರ್ಚ್ ಸಂಚಿಕೆಗಳ ಒಳಗೆ ನವೀಕರಣದ ಅರ್ಜಿಯನ್ನು ಹಳದಿ ಕಾಗದದಲ್ಲಿ ಇಡುತ್ತೇವೆ. ಬಿಳಿ ಕಾಗದದಲ್ಲಿ ಇಟ್ಟರೆ ಅದು ಪತ್ರಿಕೆಯ ಜೊತೆ ಕಪಾಟು ಸೇರುತ್ತದೆ. ಏಪ್ರಿಲ್ ಕೊನೆಯಲ್ಲಿ, ಹಣ ಬಾರದವರಿಗೆ ಮಾತ್ರ, ಕೆಳಗಿನಂತೆ ಓಲೆ ಹೋಗುತ್ತದೆ:

“ಮಾನ್ಯರೇ, ತಮ್ಮ ಸದಸ್ಯತ್ವ (ಸಂಖ್ಯೆ 214) ಮಾರ್ಚ್ 31ಕ್ಕೆ ಮುಗಿದಿದೆ. ತಮ್ಮ ಪತ್ರಿಕೆ ಚಂದಾ 51ನೇ ಸಂಚಿಕೆಯವರೆಗೆ ಸಂದಾಯವಾಗಿದ್ದು, ಅಲ್ಲಿಯವರೆಗಿನ ಸಂಚಿಕೆಗಳು ತಮಗೆ ತಪ್ಪದೆ ತಲುಪುತ್ತವೆ. ಸದಸ್ಯತ್ವವನ್ನು ಮುಂದುವರಿಸಲು ಜೂನ್ 30ರೊಳಗೆ ಶುಲ್ಕ 500 ರೂಪಾಯಿ ಕಳುಹಿಸಬೇಕೆಂದು ಕೋರುತ್ತೇವೆ. ಈಗಾಗಲೇ ಕಳುಹಿಸಿದ್ದರೆ ದಿನಾಂಕ ಮತ್ತು ಕಳುಹಿಸಿದ ಖಾತೆದಾರರ ಹೆಸರನ್ನು ತಿಳಿಸಿದರೆ ನಮ್ಮ ತಪ್ಪನ್ನು ಸರಿಪಡಿಸಿಕೊಳ್ಳುತ್ತೇವೆ. ಮುಂದುವರಿಯುವ ಇಚ್ಛೆ ಇಲ್ಲದಿದ್ದರೆ ಒಂದು ಸಾಲು ಬರೆದರೂ ಸಾಕು.”

ಕೊನೆಯ ವಾಕ್ಯವನ್ನು ಬಿಡಬೇಡಿ. ಸಂಘವನ್ನು ಬಿಡಬೇಕೆಂದಿರುವವರು ಸಂಕೋಚದಿಂದ ಸುಮ್ಮನಿರುತ್ತಾರೆ. ಹೇಳಲು ದಾರಿ ಮಾಡಿಕೊಟ್ಟರೆ ಹೇಳುತ್ತಾರೆ, ಕೆಲವರು ಕಾರಣವನ್ನೂ ಬರೆಯುತ್ತಾರೆ. ಓಲೆಗೆ ಉತ್ತರವಿಲ್ಲದಿದ್ದರೆ ಜೂನಿನಲ್ಲಿ ಒಂದು ದೂರವಾಣಿ ಕರೆ, ಅಷ್ಟೇ. ಬಾಕಿದಾರರ ಪಟ್ಟಿಯನ್ನು ಸದಸ್ಯರ ವಾಟ್ಸಾಪ್ ಗುಂಪಿನಲ್ಲಿ ಹಾಕುವ ಯೋಚನೆ ಪ್ರತಿ ವರ್ಷ ಯಾರಾದರೊಬ್ಬರಿಗೆ ಬರುತ್ತದೆ. ನಾವು ಒಮ್ಮೆ ಹಾಗೆ ಮಾಡಿ, ಹಣ ಕಟ್ಟಿಯೂ ನಮ್ಮ ಲೆಕ್ಕದಲ್ಲಿ ಸೇರದಿದ್ದ ಒಬ್ಬ ಒಳ್ಳೆಯ ಸದಸ್ಯರನ್ನು ಕಳೆದುಕೊಂಡೆವು.

ಓಲೆ ಕಳುಹಿಸುವ ಮುನ್ನ ಪಟ್ಟಿಯನ್ನು ಆಯಾ ಊರಿನ ಕಡೆಯ ಒಬ್ಬ ಸದಸ್ಯರಿಗೆ ತೋರಿಸುವುದು ಅಗತ್ಯ. ತೀರಿಕೊಂಡು ಆರು ತಿಂಗಳಾದವರಿಗೆ ನಾನು ‘ತಮ್ಮ ಬಾಕಿ’ ಎಂದು ಓಲೆ ಕಳುಹಿಸಿದ್ದೇನೆ. ಅವರ ಪತ್ನಿ ಆ ಓಲೆಯ ಹಿಂಬದಿಯಲ್ಲಿಯೇ ವಿಷಯ ಬರೆದು, ಎಂಜಿನ್ನನ್ನು ಮಾರುವುದಿಲ್ಲವೆಂದೂ, ಹೆಸರನ್ನು ತಮ್ಮದಕ್ಕೆ ಬದಲಾಯಿಸಿಕೊಳ್ಳಬೇಕೆಂದೂ ತಿಳಿಸಿದರು. ಅಂತಹ ಸಂದರ್ಭದಲ್ಲಿ ಹಳೆಯ ಸದಸ್ಯತ್ವ ಸಂಖ್ಯೆಯನ್ನು ಮುಚ್ಚಿ ಹೊಸ ಸಂಖ್ಯೆ ಕೊಡಬೇಕು, ಉಳಿದಿರುವ ಸಂಚಿಕೆಗಳನ್ನು ಹೊಸ ಹೆಸರಿಗೆ ವರ್ಗಾಯಿಸಬೇಕು. ಪ್ರವೇಶ ಶುಲ್ಕ ಕೇಳಬಾರದು.

ಅಂಚೆ

ಪತ್ರಿಕೆ ಅಚ್ಚಿಗೆ ಹೋಗುವ ಮುನ್ನ ಅದೇ ಕಾಗದದ, ಅಷ್ಟೇ ಪುಟಗಳ ಖಾಲಿ ಪ್ರತಿಯೊಂದನ್ನು ಹೊಲಿಸಿ, ಲಕೋಟೆಯಲ್ಲಿಟ್ಟು, ಹಳದಿ ಅರ್ಜಿಯನ್ನೂ ಸೇರಿಸಿ ಅಂಚೆ ಕಚೇರಿಯಲ್ಲಿ ತೂಕ ಮಾಡಿಸಿರಿ. ಅಂಚೆಯ ದರ ತೂಕದ ಹಂತಗಳ ಮೇಲೆ ನಿಂತಿರುವುದರಿಂದ ಎರಡು ಗ್ರಾಂ ಹೆಚ್ಚಾದರೂ ಮುಂದಿನ ಹಂತದ ಹಣ ತೆರಬೇಕು, ಮುನ್ನೂರು ಪ್ರತಿಗಳಿಗೆ ಅದು ಸಣ್ಣ ಮೊತ್ತವಲ್ಲ. ಹಳಬರು ನೆಚ್ಚಿಕೊಂಡಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೌಲಭ್ಯವನ್ನು ಅಂಚೆ ಇಲಾಖೆ 2024ರ ಡಿಸೆಂಬರಿನಲ್ಲಿ ನಿಲ್ಲಿಸಿತು. 2025ರ ಮೇ ತಿಂಗಳಲ್ಲಿ ಬಂದ ‘ಜ್ಞಾನ ಪೋಸ್ಟ್’ ಪುಸ್ತಕಗಳಿಗೆ ಅಗ್ಗವೇನೋ ನಿಜ, ಆದರೆ ನಿಯತಕಾಲಿಕಗಳಿಗೆ ಅದು ಸಲ್ಲುವುದಿಲ್ಲ. ರಿಜಿಸ್ಟರ್ಡ್ ಪೋಸ್ಟ್ ಕೂಡ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಯಿತು. ಹೀಗಾಗಿ ಸಣ್ಣ ಸಂಘಗಳಿಗೆ ಉಳಿದಿರುವುದು ಸಾದಾ ಅಂಚೆ, ಕಳೆದುಹೋದರೆ ಮತ್ತೊಂದು ಪ್ರತಿ. ಇದಕ್ಕಾಗಿ ಚಂದಾದಾರರ ಸಂಖ್ಯೆಗಿಂತ ಹತ್ತಕ್ಕೆ ಒಂದರಂತೆ ಹೆಚ್ಚಿಗೆ ಅಚ್ಚು ಹಾಕಿಸುವುದು ನಮ್ಮ ರೂಢಿ. ಮರಳಿ ಬಂದ ಲಕೋಟೆಗಳನ್ನು ಎಸೆಯದೆ, ಅಂಚೆಯವರು ಬರೆದ ಷರಾ ಓದಿ ಅಂದೇ ವಹಿಯನ್ನು ತಿದ್ದಬೇಕು. ‘ಮನೆ ಬೀಗ’ ಎಂದು ಬಂದದ್ದೂ ‘ವಿಳಾಸದಾರರು ಬಿಟ್ಟುಹೋಗಿದ್ದಾರೆ’ ಎಂದು ಬಂದದ್ದೂ ಒಂದೇ ಅಲ್ಲ.

ಹೊರದೇಶದ ವ್ಯವಹಾರ

ವಿದೇಶದಲ್ಲಿರುವ ಕನ್ನಡಿಗರು ತಮ್ಮ ಊರಿನ ಎಂಜಿನ್ನಿನ ಮೇಲಿನ ಮಮತೆಯಿಂದ ಸಂಘಕ್ಕೆ ಹಣ ಕಳುಹಿಸುವುದುಂಟು. ಅವರು ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿದ್ದು, ತಮ್ಮ ಸ್ವಂತ ಉಳಿತಾಯದ ಹಣವನ್ನು ಬ್ಯಾಂಕಿನ ಮೂಲಕ ಕಳುಹಿಸಿದರೆ ಅದನ್ನು ವಿದೇಶಿ ದೇಣಿಗೆಯೆಂದು ಪರಿಗಣಿಸುವುದಿಲ್ಲ. ಆದರೆ ಬೇರೆ ದೇಶದ ಪೌರತ್ವ ಪಡೆದವರ ದೇಣಿಗೆ, ಅವರಲ್ಲಿ ಭಾರತ ಮೂಲದವರಿಗೆ ಕೊಡುವ ಒಸಿಐ (ಸಾಗರೋತ್ತರ ನಾಗರಿಕ) ಕಾರ್ಡ್ ಇದ್ದರೂ, 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಆದ್ದರಿಂದ ಅರ್ಜಿಯಲ್ಲಿ ಪೌರತ್ವದ ಸಾಲು ಇರಬೇಕು. ಅಂತಹ ಹಣವನ್ನು ಲೆಕ್ಕಪರಿಶೋಧಕರನ್ನು ಕೇಳದೆ ಪಡೆಯಬಾರದು.

ಇನ್ನು ನಮ್ಮಲ್ಲಿ ಹಲವರು ಬ್ರಿಟನ್ನಿನ ಸಂಘಗಳ ಸದಸ್ಯರೂ ಆಗಿರುತ್ತಾರೆ. ಅಲ್ಲಿ 1950ರಲ್ಲಿ ಆಪಲ್‌ಫರ್ಡ್ ಎಂಬ ಹಳ್ಳಿಯಲ್ಲಿ ಎರಡು ಉಗಿ ಎಂಜಿನ್ ಬಂಡಿಗಳು ಒಂದು ಪೀಪಾಯಿ ಮದ್ಯದ ಪಂಥಕ್ಕೆ ಓಡಿದ್ದರಿಂದ ಹಬ್ಬಿದ ಹವ್ಯಾಸ ಇದು. 1954ರಲ್ಲಿಯೇ ಅದಕ್ಕೊಂದು ರಾಷ್ಟ್ರೀಯ ಸಂಘ ಹುಟ್ಟಿತು. ಅಲ್ಲಿನ ಸಂಘಗಳಲ್ಲಿ ಶುಲ್ಕ ಕಟ್ಟಿದವರಿಗೆ ಪತ್ರಿಕೆ ತಾನಾಗಿಯೇ ಬರುವುದು ಸಾಮಾನ್ಯ. ಹೊರದೇಶದವರಿಗೆ ಅಂಚೆಯ ವೆಚ್ಚ ಸೇರಿದ ಬೇರೆ ದರ ಇರುತ್ತದೆ, ಡಿಜಿಟಲ್ ಪ್ರತಿ ಇದ್ದರೆ ಅಗ್ಗ. ಆ ಸಂಘಗಳು ಹೇಳುವ ‘ಡೈರೆಕ್ಟ್ ಡೆಬಿಟ್’ಗೆ, ಅಂದರೆ ಖಾತೆಯಿಂದ ತಾನಾಗಿಯೇ ಹಣ ಕಡಿತವಾಗುವ ಏರ್ಪಾಡಿಗೆ, ಬ್ರಿಟನ್ನಿನ ಬ್ಯಾಂಕ್ ಖಾತೆ ಬೇಕು, ನಮಗೆ ಆಗದು. ಕಾರ್ಡಿನಿಂದ ಕಟ್ಟುವವರು ಮೊದಲು ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ವ್ಯವಹಾರದ ಸೌಲಭ್ಯವನ್ನು ತೆರೆದುಕೊಳ್ಳಬೇಕು, ಏಕೆಂದರೆ ಹೊಸ ಕಾರ್ಡುಗಳಲ್ಲಿ ಅದು ಮುಚ್ಚಿಯೇ ಬರುತ್ತದೆ. ‘ಪ್ರತಿ ವರ್ಷ ತಾನಾಗಿಯೇ ನವೀಕರಿಸು’ ಎಂಬ ಚೌಕಕ್ಕೆ ಗುರುತು ಹಾಕಿ ನೆಮ್ಮದಿಯಾಗಿರಬಾರದು; ರಿಸರ್ವ್ ಬ್ಯಾಂಕಿನ ನಿಯಮಗಳಂತೆ ಮುಂಚಿತವಾಗಿ ನೋಂದಣಿಯಾಗದ ಇಂತಹ ಪಾವತಿಗಳನ್ನು ನಮ್ಮ ಬ್ಯಾಂಕುಗಳು ತಡೆಯುತ್ತವೆ, ತಡೆದದ್ದು ಪತ್ರಿಕೆ ನಿಂತ ಮೇಲಷ್ಟೇ ಗೊತ್ತಾಗುತ್ತದೆ.

ಅಧಿಕಾರ ಬಿಟ್ಟುಕೊಡುವಾಗ

ಸದಸ್ಯತ್ವದ ಕೆಲಸವನ್ನು ಇನ್ನೊಬ್ಬರಿಗೆ ವಹಿಸುವುದು ಮಾರ್ಚ್ ಸಂಚಿಕೆ ಅಂಚೆಗೆ ಹೋದ ಮೇಲೆ, ಏಪ್ರಿಲಿನ ಹಣ ಬರತೊಡಗುವ ಮೊದಲು ಆಗಬೇಕು. ಸಹಿಯಾದ ಸದಸ್ಯರ ಪಟ್ಟಿ, ವಿಳಾಸದ ಚೀಟಿಗಳ ಕಡತ, ಬಳಸಿದ ಮತ್ತು ಬಳಸದ ರಸೀದಿ ಪುಸ್ತಕಗಳು, ಮರಳಿ ಬಂದ ಲಕೋಟೆಗಳು, ಹಳೆಯ ಸಂಚಿಕೆಗಳ ದಾಸ್ತಾನು, ‘ತಿಳಿಯದ ಜಮೆ’ಗಳ ಹಾಳೆ, ಇಷ್ಟನ್ನೂ ಎಣಿಸಿ ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಬೇಕು. ಖಾಲಿ ರಸೀದಿ ಪುಸ್ತಕಗಳ ಮೊದಲ ಮತ್ತು ಕೊನೆಯ ಸಂಖ್ಯೆಯನ್ನು ಆ ಪಟ್ಟಿಯಲ್ಲಿ ಬರೆಯುವುದನ್ನು ಮರೆಯಬಾರದು.